ಪಕ್ಕದ ಸೀಟು
ಮೊಂಟಾನಾದ ನಮ್ಮ ಊರಿನಲ್ಲಿ ಬೇಟೆಯ ಕಾಲ ಬಂತೆಂದು ತಿಳಿಯಲು ಕ್ಯಾಲೆಂಡರ್ ಬೇಡ. ವೆಂಡೆಲ್ ಹಾಲ್ವರ್ಸನ್ ಅಳತೆಯ ಟೇಪು ಹಿಡಿದು ಪಿಕಪ್ ಗಾಡಿ ಮಾರುವ ನನ್ನ ಅಂಗಡಿಗೆ ಬಂದರೆ ಸಾಕು. ಚಿಕ್ಕ ಗಾಡಿಯೋ ದೊಡ್ಡದೋ ಎಂದು ಯೋಚಿಸಿದಷ್ಟು ಅವನು ಮದುವೆಗೂ ಯೋಚಿಸಿರಲಿಲ್ಲ ಎಂದು ಅವನ ಹೆಂಡತಿಯೇ ದೂರುತ್ತಾಳೆ. ದೊಡ್ಡ ಗಾಡಿಯ ತೆರೆದ ಹಿಂಭಾಗದಲ್ಲಿ ಬೂಟು ಸಮೇತ ಅಂಗಾತ ಮಲಗಿ, ತಾನೇ ಹೊಡೆದ ಎಲ್ಕ್ ಜಿಂಕೆಯಂತೆ ಕಾಲು ಚಾಚಿ, "ಅರಮನೆ ಕಣಯ್ಯಾ ಇದು!" ಎನ್ನುತ್ತಾನೆ. ಮರುಗಳಿಗೆಯೇ ಎದ್ದು, "ಆದ್ರೆ ಕಾಡುದಾರೀಲಿ ಈ ಎಮ್ಮೇನ ಹೇಗಪ್ಪಾ ತಿರುಗ್ಸೋದು?" ಎಂದು ಚಿಕ್ಕದರ ಕಡೆ ನಡೆಯುತ್ತಾನೆ. ಕೊನೆಗೆ ನನ್ನ ಕಾಫಿ ಕುಡಿದು, ಟೈರುಗಳನ್ನೆಲ್ಲ ಒದ್ದು, "ಮುಂದಿನ ವರ್ಷ ನೋಡೋಣ" ಎಂದು ತನ್ನ ತುಕ್ಕು ಹಿಡಿದ ಗಾಡಿಯಲ್ಲೇ ಹೊರಟುಬಿಡುತ್ತಾನೆ. ಈ ಸಲ ಮಾತ್ರ ಟೇಪು ತರಲಿಲ್ಲ. ಎರಡೂ ಗಾಡಿಗಳಲ್ಲಿ ಚಾಲಕನ ಪಕ್ಕದ ಸೀಟಿಗೆ, ಒಂದು ಕಾಲು ಮಡಿಸದೆ ಹತ್ತಿದ, ಇಳಿದ, ಮತ್ತೆ ಹತ್ತಿದ. "ಓಡ್ಸೋನು ನೀನು, ಆ ಕಡೆ ಏನಯ್ಯಾ ಸರ್ಕಸ್ಸು?" ಎಂದೆ. "ಆರ್ವಿಡ್‌ಗೆ ಸೊಂಟದ ಆಪರೇಷನ್ ಆಯ್ತಲ್ಲ" ಎಂದ. ಆರ್ವಿಡ್ ಅವನ ಬೇಟೆಯ ಜೊತೆಗಾರ. ನಮ್ಮ ಕಡೆ ದನಗಳು ಹೊರಬೀಳದಂತೆ ಹುಲ್ಲುಗಾವಲಿನ ದಾರಿಯುದ್ದಕ್ಕೂ ಗೇಟುಗಳು. ಪಕ್ಕದಲ್ಲಿ ಕೂತವನೇ ಇಳಿದು ತೆಗೆದು, ಗಾಡಿ ದಾಟಿದ ಮೇಲೆ ಮತ್ತೆ ಹಾಕಬೇಕು. "ಈ ವರ್ಷ ನೀನೇ ಇಳಿ" ಎಂದೆ. "ಹಾಗ್ ಮಾಡಿದ್ರೆ ತಾನು ಹೊರೆ ಅಂದ್ಕೊಂಡು ಬರೋದೇ ಬಿಡ್ತಾನೆ" ಎಂದವನು ಚಿಕ್ಕ ಗಾಡಿಯ ಬಾಗಿಲನ್ನು ಮೆಲ್ಲಗೆ ತಟ್ಟಿದ. "ಇದೇ ಇರ್ಲಿ, ಇಳಿಯೋಕೆ ತಗ್ಗಾಗಿದೆ." ಇದರ ಹಿಂಭಾಗದಲ್ಲಿ ಇಡೀ ಎಲ್ಕ್ ಹಿಡಿಸುವುದಿಲ್ಲವೆಂದು ಎಚ್ಚರಿಸಿದೆ. ವೆಂಡೆಲ್ ನಕ್ಕ. "ಎಲ್ಕ್ ಕಾಲು ಹೊರಗೆ ಚಾಚ್ಕೊಂಡೇ ಬರ್ಲಿ ಬಿಡು. ದಾರೀಲಿ ನಮ್ಮ ಹಿಂದೆ ಗೇಟು ಹಾಕೋಕೆ ಆರ್ವಿಡ್ ಇರ್ತಾನೆ."