ಎಡತೋಳಿನ ಕಿಟಕಿ

ಆ ಬೀದಿಯಲ್ಲಿ ಮಾಸ್ಟರ್ ಎಂದರೆ ಶಾಲೆಯವರಲ್ಲ, ಹೊಲಿಗೆಯವರು. ಒಂದೇ ಬಾಗಿಲಿನ ಅಂಗಡಿ, ಕಾಲಿನಲ್ಲಿ ತುಳಿಯುವ ಮಿಷನ್ನು, ಕತ್ತಿನಲ್ಲಿ ಸದಾ ಜೋತುಬಿದ್ದ ಅಳತೆ ಟೇಪು. ಮೂವತ್ತೆಂಟು ವರ್ಷ ಹೆಂಗಸರ, ಮಕ್ಕಳ ಬಟ್ಟೆ ಹೊಲಿದ ಅವರಿಗೆ ಜನರ ಮುಖಕ್ಕಿಂತ ತೋಳಿನ ಪರಿಚಯವೇ ಹೆಚ್ಚು. ಯಾರ ಎಡತೋಳಿನ ಲಸಿಕೆಯ ಕಲೆ ಭುಜದಿಂದ ಎಷ್ಟು ಕೆಳಗಿದೆ ಎಂಬುದೂ ಬಾಯಿಪಾಠ. "ಮಾಸ್ಟರೇ, ತೋಳು ಒಂದಿಂಚು ಉದ್ದ ಬಿಡಿ, ಈ ಕಲೆ ಮುಚ್ಚಲಿ" ಎಂದು ಹುಡುಗಿಯರು ಕೇಳಿದರೆ ಬಿಡುತ್ತಿದ್ದರು. ಆದರೂ ಒಂದು ಮಾತು ಹೇಳದೆ ಬಿಡುತ್ತಿರಲಿಲ್ಲ: "ಮುಚ್ಚೋದ್ಯಾಕಮ್ಮ? ನಿಮ್ಮಮ್ಮ ನಿನ್ನ ಎತ್ಕೊಂಡು ಸಾಲಲ್ಲಿ ನಿಂತಿದ್ದಕ್ಕೆ ಸಾಕ್ಷಿ ಅದು."

ಸಾಲಿನ ಮಾತು ಬಂದಾಗಲೆಲ್ಲ ಅವರಿಗೆ ಒಂದು ಕೆಂಪು ಬಲೂನು ನೆನಪಾಗುತ್ತಿತ್ತು.

ಮಗಳಿಗೆ ಐದು ವರ್ಷವಾಗಿದ್ದಾಗಿನ ಮಾತು. ಚುಚ್ಚುಮದ್ದು ಎಂದರೆ ಮನೆ ಮೇಲೆ ಕೆಳಗೆ ಮಾಡುತ್ತಾಳೆಂದು, "ಬಾ, ಬಲೂನ್ ಕೊಡಿಸ್ತೀನಿ" ಎಂದು ಆಸ್ಪತ್ರೆಗೆ ಕರೆದೊಯ್ದಿದ್ದರು. ಬರುವಾಗ ಹೇಳಿದ ಮಾತಿನಂತೆ ಕೊಡಿಸಿದರು ಕೂಡ. ಆಸ್ಪತ್ರೆಯ ಬೀದಿ ತಿರುಗುವ ಮೂಲೆಯಲ್ಲಿ ಮಗು ಅದರ ದಾರವನ್ನು ಬಿಟ್ಟಿತು. ಬಲೂನಿನ ಕಡೆ ಕತ್ತೆತ್ತಿಯೂ ನೋಡದೆ, ಅಪ್ಪನ ಕೈಯಿಂದ ತನ್ನ ಕೈಯನ್ನೂ ಬಿಡಿಸಿಕೊಂಡಿತು. ಅಂದಿನಿಂದ ಅವರು "ಬಾ ಹೋಗೋಣ" ಎಂದರೆ ಸಾಕು, "ಎಲ್ಲಿಗೆ? ನಿಜವಾಗ್ಲೂ ಎಲ್ಲಿಗೆ?" ಎನ್ನುವಳು. ಬೆಳೆದಳು, ಮದುವೆಯಾದಳು, ತಾಯಿಯಾದಳು. ಆ ಪ್ರಶ್ನೆ ಮಾತ್ರ ಹೋಗಲಿಲ್ಲ. ಅಂಗಡಿ ಮುಚ್ಚಿ ಮನೆಗೆ ಹೊರಟಾಗಲೂ ಅಭ್ಯಾಸಬಲದಿಂದ ಬಾಯಿಗೆ ಬರುತ್ತಿತ್ತು. ಉಳಿದವರು ನಗುತ್ತಿದ್ದರು. ಮಾಸ್ಟರ್ ನಗುತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಈಗ ಮೊಮ್ಮಗಳ ಸರದಿ. ಅಂಬೆಗಾಲಿನಲ್ಲೇ ತಾತನ ಡಬ್ಬಿಯಿಂದ ಅಂಗಿಯ ಗುಂಡಿಯೊಂದನ್ನು ನುಂಗಿ ಮನೆಯವರನ್ನೆಲ್ಲ ಎರಡು ದಿನ ಕಾಯಿಸಿದ್ದರಿಂದ ಅವಳಿಗೆ 'ಗುಂಡಿ' ಎಂದೇ ಹೆಸರು ನಿಂತಿತ್ತು. ಅಮ್ಮ ಎರಡು ಸಲ ಚುಚ್ಚುಮದ್ದಿಗೆ ಕರೆದೊಯ್ದು ಸೋತಿದ್ದಳು. ಮೊದಲ ಸಲ ಗುಂಡಿ ಬೆಂಚಿನ ಕಾಲು ತಬ್ಬಿಕೊಂಡಳು. ಎರಡನೇ ಸಲ ನರ್ಸಮ್ಮನ ಕೈ ಕಚ್ಚಿದಳು.

"ಅಪ್ಪ, ಮುಂದಿನ ವಾರ ಸ್ಕೂಲು. ಲಸಿಕೆ ಚೀಟಿ ಇಲ್ಲದೆ ಸೇರಿಸ್ಕೊಳ್ಳಲ್ಲ. ಐಸ್‌ಕ್ರೀಮ್ ಅಂತ ಏನಾದ್ರೂ ಹೇಳಿ ನೀನೇ ಕರ್ಕೊಂಡ್ಹೋಗು."

"ಕರ್ಕೊಂಡ್ಹೋಗ್ತೀನಿ. ಐಸ್‌ಕ್ರೀಮ್ ಅನ್ನಲ್ಲ."

ಮಗಳು ಅಪ್ಪನ ಮುಖ ನೋಡಿ, ಗುಂಡಿಯ ಕೈಯನ್ನು ಅವರ ಕೈಗೆ ಕೊಟ್ಟಳು.

ಮಾಸ್ಟರ್ ಮೊಮ್ಮಗಳನ್ನು ಕತ್ತರಿಸುವ ಮೇಜಿನ ಮೇಲೆ ಕೂರಿಸಿದರು. "ಚುಚ್ಚೋದಕ್ಕೇನಾ ನಿನಗೆ ಭಯ?"

"ಅಂಗಿ ಕಣ್ಣ ಮೇಲೆ ಎಳೀತಾರೆ ತಾತ. ಕತ್ತಲಾಗುತ್ತೆ. ಯಾವಾಗ ಚುಚ್ತಾರೆ ಗೊತ್ತೇ ಆಗಲ್ಲ."

ಇಷ್ಟು ದಿನ ಯಾರೂ ಕೇಳಿರಲಿಲ್ಲ, ಮಗು ಹೇಳಿರಲಿಲ್ಲ. ಮಾಸ್ಟರ್ ಅಂದೇ ಕೂತು ಉದ್ದ ತೋಳಿನ ಹೊಸ ಫ್ರಾಕು ಹೊಲಿದರು. ಎಡತೋಳಿನ ಮೇಲ್ಭಾಗದಲ್ಲಿ ಅಂಗೈಯಷ್ಟು ಬಾಯಿ ಬಿಟ್ಟು, ಅದಕ್ಕೊಂದು ಮುಚ್ಚಳ, ಎರಡು ಹಳದಿ ಗುಂಡಿ.

"ಇದು ಕಿಟಕಿ. ಇದನ್ನ ತೆಗೀತಾರೆ, ಇಲ್ಲೇ ಚುಚ್ತಾರೆ. ನೀನು ನೋಡ್ತಾನೇ ಇರಬಹುದು. ನೋಯುತ್ತೆ, ನನ್ನ ಬೆರಳಿಗೆ ಸೂಜಿ ಚುಚ್ಚಿದಷ್ಟು."

"ನೀನು ಅಳ್ತೀಯಾ ಆಗ?"

"ಬೆರಳು ಬಾಯಲ್ಲಿ ಇಟ್ಕೋತೀನಿ."

"ನನ್ನ ತೋಳು ನನ್ನ ಬಾಯಿಗೆ ಎಟಕಲ್ವಲ್ಲ" ಎಂದು ಗುಂಡಿ ಯೋಚಿಸಿದಳು. ಆದರೂ ಮರುದಿನ ತಾನೇ ಮುಂದಾಗಿ ಹೊರಟಳು. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಕಿಟಕಿ ತೆಗೆದು ತೋರಿಸಿದಳು.

ಆಸ್ಪತ್ರೆಯ ಕೋಣೆ ಹಾಗೇ ಇತ್ತು. ಅರ್ಧ ಗೋಡೆಗೆ ನೀಲಿ ಬಣ್ಣ, ತೂಕದ ಯಂತ್ರ, ತಣ್ಣನೆಯ ಲಸಿಕೆ ಪೆಟ್ಟಿಗೆ. ಗುಂಡಿ ಸ್ಟೂಲಿನ ಮೇಲೆ ಕೂತು ಹಳದಿ ಗುಂಡಿಗಳನ್ನು ಬಿಚ್ಚಿ ಎಡತೋಳು ಚಾಚಿದಳು. ನರ್ಸಮ್ಮ ಚೀಟಿ ನೋಡಿ ತಲೆಯಾಡಿಸಿದರು. "ಆ ಕಡೆ ಅಲ್ಲ ಪುಟ್ಟಿ. ಇವತ್ತಿನದು ಬಲತೋಳಿಗೆ."

ಮಾಸ್ಟರದು ಸಾವಿರಾರು ತೋಳು ಅಳೆದು, ಕಲೆಯನ್ನು ಎಡಗಡೆಯಲ್ಲೇ ಕಂಡ ಕಣ್ಣು. ಲಸಿಕೆ ಎಂದರೆ ಎಡತೋಳು ಎಂದು ನಂಬಿ, ಕೇಳದೆಯೇ ಕತ್ತರಿ ಆಡಿಸಿದ್ದರು.

"ತಾತ, ಇಲ್ಲೇ ಚುಚ್ತಾರೆ ಅಂದೆ." ಗುಂಡಿಯ ಕಾಲು ಆಗಲೇ ಸ್ಟೂಲಿನಿಂದ ಕೆಳಗೆ ಇಳಿದಿತ್ತು.

"ಬಿಗಿಯಾಗಿ ಹಿಡ್ಕೊಳ್ಳಿ ಯಜಮಾನ್ರೇ, ಅಂಗಿ ಎಳೆದ್ರೆ ಒಂದು ನಿಮಿಷದ ಕೆಲಸ" ಎಂದರು ಹಿಂದೆ ಸಾಲಿನಲ್ಲಿದ್ದ ಹೆಂಗಸೊಬ್ಬರು.

ನಿಜ, ಒಂದು ನಿಮಿಷದ ಕೆಲಸ. ಮಾಸ್ಟರ್ ಕೈ ಫ್ರಾಕಿನ ಅಂಚಿನವರೆಗೆ ಹೋಗಿ ಅಲ್ಲೇ ನಿಂತಿತು. ಅವರು ಮಂಡಿಯೂರಿ ಕೂತರು.

"ತಪ್ಪು ನಂದು ಕಣೇ. ಕೇಳದೆ ಹೊಲಿದುಬಿಟ್ಟೆ. ಅಂಗಡೀಲಿ ತಪ್ಪು ಹೊಲಿದ್ರೆ ಏನು ಮಾಡ್ತೀನಿ?"

ಗುಂಡಿ ತಲೆಯೆತ್ತಿದಳು. "ಬಿಚ್ತೀಯ."

"ಬಿಚ್ಚಲಾ?"

ಬಲತೋಳು ನಿಧಾನವಾಗಿ ಮುಂದೆ ಬಂತು. ಬೇರೆಯವರ ಜೇಬಿನಲ್ಲಿ ಪೆನ್ನಿರುವಂತೆ ಮಾಸ್ಟರ್ ಜೇಬಿನಲ್ಲಿ ಪುಟ್ಟ ಕತ್ತರಿ.

"ಅಯ್ಯೋ ಮಾಸ್ಟರೇ, ಹೊಸ ಅಂಗಿ!" ಎಂದರು ನರ್ಸಮ್ಮ.

"ಹೊಲಿಗೆ ನಂದೇ ಅಲ್ವಾ, ಮಾತು ಕೇಳುತ್ತೆ ಬಿಡಿ."

ಭುಜದ ಹೊಲಿಗೆಯಲ್ಲಿ ನಾಲ್ಕು ಕಡೆ ಕತ್ತರಿಸಿ ಎಳೆಯ ತುದಿಯನ್ನು ಅವಳ ಎಡಗೈಗೆ ಕೊಟ್ಟರು. ಗುಂಡಿ ಸರಸರನೆ ಎಳೆದಳು. ಬಲಗಡೆಯೂ ಕಿಟಕಿ ತೆರೆಯಿತು. "ನೋಡ್ತಿರು, ಈಗ" ಎಂದು ಹೇಳಿಯೇ ನರ್ಸಮ್ಮ ಚುಚ್ಚಿದರು. ಕೋಣೆ ಕಿತ್ತುಹೋಗುವಂಥ ಒಂದು ಕಿರುಚು. ಆಮೇಲೆ ಬಿಕ್ಕುತ್ತ, "ತಾತ, ನಿನ್ನ ಸೂಜಿಗಿಂತ ಇದು ಜಾಸ್ತಿ."

"ಹೌದಾ? ಹಾಗಾದ್ರೆ ಅದೂ ನಾನು ತಪ್ಪು ಹೇಳಿದ್ದೇ."

"ಹ್ಞೂಂ" ಎಂದು ಗುಂಡಿ ದೊಡ್ಡವರ ಹಾಗೆ ತಲೆಯಾಡಿಸಿದಳು.

ವಾಪಸು ಬರುವಾಗ ಬಲೂನಿನ ಆ ಮೂಲೆ ಬಂತು. ಮಾಸ್ಟರ್ ಅಂಗೈ ತಾನೇ ತಾನಾಗಿ ಸಡಿಲಾಯಿತು. ಪುಟ್ಟ ಕೈ ಮಾತ್ರ ಅಲ್ಲೇ ಇತ್ತು. "ಬಿಡಬೇಡ ತಾತ, ಗಾಡಿ ಬರ್ತಿದೆ." ದೇವರೇ ಎಂದು ಮನಸ್ಸಿನಲ್ಲೇ ಅಂದುಕೊಂಡರು. ಬೇರೇನೂ ಕೇಳಿಕೊಳ್ಳಲು ತೋಚಲಿಲ್ಲ.

ಸಂಜೆ ಮಗಳು ಬಿಚ್ಚಿಹೋದ ಫ್ರಾಕನ್ನು ಹಿಡಿದು ಅಂಗಡಿಗೆ ಬಂದಳು. "ಹರ್ಕೊಂಡು ಬಂದ್ಯಾ ಅಂತ ಬೈದೆ. 'ಇಲ್ಲಮ್ಮ, ತಾತ ತಪ್ಪು ಹೊಲಿದಿದ್ದ, ಕೇಳಿದ್ದಕ್ಕೆ ಒಪ್ಕೊಂಡ' ಅಂತಾಳೆ." ಡಬ್ಬಿಯಲ್ಲಿ ಇನ್ನೆರಡು ಹಳದಿ ಗುಂಡಿ ಹುಡುಕುತ್ತ, ತಲೆಯೆತ್ತದೆ ಕೇಳಿದಳು, "ಅಪ್ಪ, ಆ ಬಲೂನು ನೀಲಿ ಅಲ್ವಾ?"

"ಕೆಂಪು."

"ನನಗೆ ನೀಲಿ ಅಂತಲೇ ನೆನಪು."

"ನೀನು ಅದನ್ನ ನೋಡ್ಲೇ ಇಲ್ವಲ್ಲಮ್ಮ." ಮಿಷನ್ನಿನ ಚಕ್ರ ನಿಂತಿತು. "ಅವತ್ತೂ ತಪ್ಪು ನಂದೇ. ಹೇಳಬೇಕಿತ್ತು ನಿನಗೆ."

ಮಗಳು ಅಪ್ಪನ ಕಣ್ಣು ಮಂದ ಎಂದು ಸೂಜಿ ತೆಗೆದುಕೊಂಡು ತಾನೇ ದಾರ ಪೋಣಿಸಿ ಕೊಟ್ಟಳು. ಬಲತೋಳಿಗೂ ಎರಡು ಗುಂಡಿ ಕೂತವು.

ಕೆಲಸ ಮುಗಿಸಿ, ಬಾಗಿಲು ಎಳೆದು ಬೀಗ ಹಾಕಿ ಮಾಸ್ಟರ್, "ಬಾಮ್ಮ, ಹೋಗೋಣ" ಎಂದರು.

ಮಗಳು ಫ್ರಾಕು ಮಡಿಸಿಕೊಂಡು ಹೊರಟಳು. ಎಲ್ಲಿಗೆ ಎಂದು ಕೇಳಲಿಲ್ಲ.