ಏಕಾದಶಿಯ ಬುತ್ತಿ

ನನ್ನ ಮಗಳಿಗೆ ಹದಿನಾಲ್ಕು ತುಂಬಿದಾಗ ಅವಳಿಗೆ ಚೆನ್ನಾಗಿ ಬರುತ್ತಿದ್ದ ಮಾತು ಒಂದೇ: ಹೂಂ. ಯಾರು ಏನು ಕೇಳಿದರೂ ಹೂಂ. ಎದುರು ಮನೆಯ ಮುದುಕಿಗೆ ಹಪ್ಪಳ ಲಟ್ಟಿಸಿಕೊಡಬೇಕೆ, ಹೂಂ. ಶಾಲೆಯ ಗೆಳತಿಗೆ ಕುಪ್ಪಸ ಹೊಲಿದುಕೊಡಬೇಕೆ, ಹೂಂ. ಹೂಂ ಅಂದವಳು ಅವಳು, ಬೆನ್ನು ಬಗ್ಗಿಸಿದವಳು ನಾನು. ಬ್ರಿಟಿಷರ ಕಾಲದ ಪುಣೆ. ಧಾರವಾಡ ಬಿಟ್ಟು ಬಂದು ಹೊಸದಾಗಿ ಒಂದು ವಾಡೆಯಲ್ಲಿ ಬಾಡಿಗೆಗಿದ್ದ ನಮಗೆ, ಅಂಗಳದ ಸುತ್ತ ಇದ್ದ ಮನೆಗಳವರೇ ಬಂಧು ಬಳಗ. ಅವರ ಮುಂದೆ ಮಗಳ ಮಾತು ಬೀಳಬಾರದು ಅಂತ ಹಪ್ಪಳವನ್ನೂ ಲಟ್ಟಿಸಿದೆ, ಕುಪ್ಪಸವನ್ನೂ ಹೊಲಿದೆ.

ನಮ್ಮ ಅತ್ತೆ ನೋಡುವಷ್ಟು ನೋಡಿ ಒಂದು ದಿನ ಅಂದರು: "ಅಕಿನ್ನ ಕೆಡಿಸಿದಾಕಿ ನೀನ. ಮಾತು ಕೊಡಾಕಿ ಒಬ್ಬಾಕಿ, ತೀರಸಾಕಿ ಒಬ್ಬಾಕಿ. ನಾಳೆ ಅಕಿ ಗಂಡನ ಮನಿಗೂ ಬೆನ್ನ ಹತ್ತಿ ಹೋಗ್ತಿಯೇನು?"

ನನಗೆ ಸಿಟ್ಟು ಬಂತು. ಅತ್ತೆಯ ಮಾತು ನಿಜವಾಗಿದ್ದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು.

ಅದೇ ಮಳೆಗಾಲದ ಮೊದಲಿಗೆ ಆಳಂದಿಯ ಪಾಲಖಿ, ಅಂದರೆ ಸಂತರ ಪಲ್ಲಕ್ಕಿ, ಊರಿಗೆ ಬಂತು. ಪಂಢರಪುರಕ್ಕೆ ನಡೆದು ಹೋಗುವ ವಾರಕರಿಗಳದೊಂದು ಸಣ್ಣ ಗುಂಪು ನಮ್ಮ ವಾಡೆಯ ಪಡಸಾಲೆಯಲ್ಲಿ ಇಳಿಯಿತು. ತಾಳ, ಭಜನೆ, ಒದ್ದೆ ಧೋತರ, ಮಕ್ಕಳ ಗದ್ದಲ. ನಮ್ಮ ಹುಡುಗಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊರಡುವ ಹಿಂದಿನ ದಿನ ಮಧ್ಯಾಹ್ನ ಒಳಗೆ ಓಡಿ ಬಂದು, "ಯವ್ವಾ, ನಾಳೆ ಅವರು ಸಾಸವಡಕ್ಕ ಹೊಂಟಾರ. ದಾರಿ ಬುತ್ತಿ ನಮ್ಮ ಮನ್ಯಾಗಿಂದ ಅಂತ ಹೇಳಿ ಬಂದೇನಿ. ರೊಟ್ಟಿ, ಶೇಂಗಾ ಚಟ್ನಿ," ಅಂದಳು.

"ಎಲ್ಲಾರಿಗೂ?"

"ಹೂಂ."

ಅತ್ತೆ ಜಪಮಣಿ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಸೆರಗು ಸಿಕ್ಕಿಸಿಕೊಂಡು ಎದ್ದವಳು ಮತ್ತೆ ಕೂತೆ. "ಮಾತು ಆಡಿದರ ಹೋತು, ಮುತ್ತು ಒಡದರ ಹೋತು. ಆಡಿದಾಕಿ ನೀನು, ರೊಟ್ಟಿ ಬಡಿಯಾಕಿನೂ ನೀನ. ಹಿಟ್ಟು ಎಷ್ಟು ಬೇಕೋ ತಗೋ. ಒಲಿ ನಾ ನೋಡಿಕೋತೀನಿ. ಹಿಟ್ಟು ನಾದೂ ಪರಾತಕ್ಕ ಮಾತ್ರ ಕೈ ಹಚ್ಚೂದಿಲ್ಲ," ಅಂದೆ.

ಅವಳಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ ಅಂತಲ್ಲ. ಮನೆಮಂದಿಗೆ ಬೇಕಾದಷ್ಟು ಬಡಿಯುತ್ತಿದ್ದಳು. ಇದು ಬುಟ್ಟಿಗಟ್ಟಲೆ. ಮೊದಲಿನವು ಹರಿದವು, ಆಮೇಲಿನವು ಸೀದುಹೋದವು, ಬೆರಳು ಹಂಚಿಗೆ ತಾಗಿ ಸುಟ್ಟಿತು. ನಾನು ಒಲೆಗೆ ಕಟ್ಟಿಗೆ ನೂಕುತ್ತಾ ಕೂತಿದ್ದೆ. ದೇವರಾಣೆ, ಸ್ವತಃ ಬಡಿದಿದ್ದರೆ ಅಷ್ಟು ದಣಿಯುತ್ತಿರಲಿಲ್ಲ. ಪ್ರತಿ ರೊಟ್ಟಿ ಹರಿದಾಗಲೂ ನನ್ನ ಕೈ ತಾನಾಗಿಯೇ ಮುಂದೆ ಹೋಗುತ್ತಿತ್ತು, ಅತ್ತೆ ಕೆಮ್ಮುತ್ತಿದ್ದರು, ಹಿಂದೆ ಬರುತ್ತಿತ್ತು. ಸಂಜೆ ಹೊತ್ತಿಗೆ ಬುಟ್ಟಿ ತುಂಬಿತು. ಕೊನೆಯ ರೊಟ್ಟಿಗಳು ನನ್ನವಕ್ಕಿಂತ ದುಂಡಗಿದ್ದವು. ಇದನ್ನು ಅವಳಿಗೆ ನಾನು ಇವತ್ತಿಗೂ ಹೇಳಿಲ್ಲ.

ಆಗ ವಾರಕರಿ ಮುದುಕಿಯೊಬ್ಬಳು ನೀರು ಕೇಳಿಕೊಂಡು ಬಾಗಿಲಿಗೆ ಬಂದಳು. ಬುಟ್ಟಿ ನೋಡಿ ಮರಾಠಿಯಲ್ಲಿ, "ಇದೆಲ್ಲ ಯಾರಿಗೆ, ಮಗಳೇ?" ಅಂದಳು.

"ನಿಮಗೇ. ನಾಳೆ ದಾರಿಗೆ."

ಮುದುಕಿಯ ಮುಖ ಬಾಡಿತು. "ನಾಳೆ ಏಕಾದಶಿಯಲ್ಲವೇ? ನಾವು ಧಾನ್ಯ ಮುಟ್ಟುವುದಿಲ್ಲ."

ನಮ್ಮ ಮನೆಯಲ್ಲಿ ಉಪವಾಸವೆಂದರೆ ಸೋಮವಾರ, ಬಿಟ್ಟರೆ ಶಿವರಾತ್ರಿ. ಏಕಾದಶಿ ಎಂದು ಬರುತ್ತದೆ ಅಂತ ನನಗೂ ಗೊತ್ತಿರಲಿಲ್ಲ, ಅತ್ತೆಗೂ ಇಲ್ಲ. ಮುದುಕಿ ನೀರು ಕುಡಿದು ಹೋದಳು. ಮಗಳು ಹಿಟ್ಟಿನ ಕೈಯಲ್ಲೇ ನಿಂತು, "ಯವ್ವಾ, ನೀ ಹೋಗಿ ಹೇಳ. ನಂಗ ನಾಚಿಕಿ ಬರ್ತದ," ಅಂದಳು. ಕಣ್ಣು ತುಂಬಿದ್ದವು.

ಹೋಗಿಬಿಡಬೇಕು ಅನ್ನಿಸಿತು. ನನಗೆ ನಾಲ್ಕು ಮಾತಿನ ಕೆಲಸ. ಈ ಸಲ ಅತ್ತೆಯೂ ಕೆಮ್ಮಲಿಲ್ಲ, ಅವರಿಗೂ ಮೊಮ್ಮಗಳ ಮೇಲೆ ಕರುಳು ಚುರ್ ಅಂದಿರಬೇಕು. ಆದರೆ ಇಷ್ಟು ಹೊತ್ತು ಗಟ್ಟಿಯಾಗಿ ಕೂತವಳು ಈಗ ಎದ್ದರೆ, ಆ ಬುಟ್ಟಿ ತುಂಬ ರೊಟ್ಟಿಯೂ ನನ್ನದೇ ಆಗಿಬಿಡುತ್ತಿತ್ತು. "ಹೇಳಾಕಿ ನೀನ, ಅವ್ವಿ. ನಾ ಹೊಸ್ತಲ ತನಕ ಬರ್ತೀನಿ. ಅಲ್ಲೇ ನಿಂದರ್ತೀನಿ," ಅಂದೆ.

ಹೊಸ್ತಿಲಲ್ಲಿ ನಿಂತು ನೋಡಿದೆ. ಗುಂಪಿನ ಹಿರಿಯನ ಮುಂದೆ ತಲೆ ತಗ್ಗಿಸಿ ಏನೋ ಹೇಳಿದಳು. ಅವನು ನಕ್ಕ, ಬೈಯಲಿಲ್ಲ. "ಇರಲಿ ಬಿಡು, ಮಾವುಲಿ," ಅಂದ. ವಾರಕರಿಗಳು ಎಲ್ಲರನ್ನೂ ಹಾಗೇ ಕರೆಯುತ್ತಾರೆ, ಮಾವುಲಿ ಅಂದರೆ ತಾಯಿ. ಅವಳು ಹಿಂದಿರುಗುತ್ತಾಳೆ ಅಂದುಕೊಂಡೆ. ಹಿಂದಿರುಗಲಿಲ್ಲ. "ಉಪವಾಸ ಬಿಡುವುದು ಯಾವಾಗ?" ಅಂತ ಕೇಳಿದಳು.

"ದ್ವಾದಶಿ ಬೆಳಗ್ಗೆ. ಸಾಸವಡದಲ್ಲಿ."

"ಹಾಗಾದರೆ ರೊಟ್ಟಿ ಜೊತೆಗೆ ಒಯ್ಯಿರಿ. ನಮ್ಮ ಕಡೆ ಇದನ್ನು ಒಣಗಿಸಿ ಕಟಕ ಮಾಡುತ್ತಾರೆ, ತಿಂಗಳಾದರೂ ಕೆಡುವುದಿಲ್ಲ. ನಾಳೆ ದಾರಿಗೆ ಹುರಿದ ಶೇಂಗಾ, ಬೆಲ್ಲ ನಡೆಯುತ್ತದೆಯೇ?"

ನಡೆಯುತ್ತದೆ ಅಂದ. ಪುಣ್ಯಕ್ಕೆ ಚಟ್ನಿಗೆಂದು ಹುರಿದಿಟ್ಟ ಶೇಂಗಾ ಇನ್ನೂ ಕುಟ್ಟಿರಲಿಲ್ಲ. ಅವಳು ಓಡಿ ಬಂದು, ನನ್ನನ್ನು ಕಂಬದಂತೆ ಸುತ್ತಿ ಹಾಯ್ದು ಒಳಗೆ ಹೋಗಿ, ಬಿಸಿ ಒಲೆಯ ಸುತ್ತ ರೊಟ್ಟಿಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸತೊಡಗಿದಳು. ಆ ಉಪಾಯ ನನಗೆ ಹೊಳೆದೇ ಇರಲಿಲ್ಲ. ನಾನು ಹೋಗಿದ್ದರೆ ಕ್ಷಮೆ ಕೇಳಿ ಬರುತ್ತಿದ್ದೆ, ಅಷ್ಟೇ.

ಬೆಳಗ್ಗೆ ರೊಟ್ಟಿ ಕಟಕಟ ಅನ್ನುತ್ತಿದ್ದವು. ಗಂಟು ಹೊತ್ತ ಮುದುಕಿ ಅವಳ ಗಲ್ಲ ಸವರಿ, "ಬರುವ ವರ್ಷವೂ ಬುತ್ತಿ ಕೊಡುತ್ತೀಯಾ, ಮಾವುಲಿ?" ಅಂದಳು. ನಾನು ಬಾಗಿಲ ಹಿಂದೆ ಇದ್ದೆ. ಮಗಳು ಬಾಯಿ ತೆರೆದಳು. ಬಂತು ಹೂಂ, ಅಂದುಕೊಂಡೆ.

ಬರಲಿಲ್ಲ. ಸುಟ್ಟ ಬೆರಳನ್ನು ಪರಕಾರದ ನಿರಿಗೆಗೆ ಒತ್ತಿಕೊಂಡು ಕೇಳಿದಳು: "ಎಷ್ಟು ಮಂದಿ ಬರುತ್ತೀರಿ, ಅಜ್ಜಿ? ಹೊರಡುವುದು ಏಕಾದಶಿಯಂದೇ ತಾನೆ?"

ಉತ್ತರ ಕೇಳಿ, ಸ್ವಲ್ಪ ಯೋಚಿಸಿ, ಆಮೇಲೆ ಹೂಂ ಅಂದಳು.

ನನಗೆ ಎಷ್ಟು ಸಂತೋಷವಾಯಿತೋ ಅಷ್ಟೇ ಸಂಕಟವೂ ಆಯಿತು. ಆ ಹೂಂ ತೀರಿಸಲು ನಾನು ಬೇಕಾಗಿರಲಿಲ್ಲ. ಒಳಗೆ ಬಂದು ನೋಡಿದರೆ, ಹಿಟ್ಟು ಒಣಗಿ ಹತ್ತಿದ ಪರಾತವನ್ನು ತೊಳೆಯದೆ ಹಾಗೇ ಬಿಟ್ಟಿದ್ದಳು ಮಹಾರಾಯತಿ. ಅತ್ತೆ ಕೆಮ್ಮಿದರು.

"ಕೆಮ್ಮರಿ ಎಷ್ಟು ಬೇಕೋ ಅಷ್ಟು," ಅಂದೆ. "ಇದೊಂದು ನನಗ ಇರಲಿ." ಕೂತು ತಿಕ್ಕಿದೆ.