ಏದುಸಿರಿನವರ ಕ್ಲಿನಿಕ್ ಎರಡನೇ ಮಹಡಿಯಲ್ಲಿ

ಸರ್ಕಾರ ಕೊಡ್ತೇನಿ ಅಂದದ್ದು: ಕೋವಿಡ್ ಹೋದ ಮೇಲೂ ಬಿಡದ ದಮ್ಮು, ಸುಸ್ತಿಗೆ ಬೇರೆ ಕ್ಲಿನಿಕ್, ಅದನ್ನು ಕಲಿತು ಬಂದ ಡಾಕ್ಟರ್, ಉಸಿರಿನ ಪರೀಕ್ಷೆ. ಕೊಟ್ಟದ್ದು: ಎರಡನೇ ಮಹಡಿಯಲ್ಲಿ ಒಂದು ಬೋರ್ಡು. ಲಿಫ್ಟ್ ಇಲ್ಲ.

ಗೆಳೆಯರೇ, ಇವತ್ತು ನಮ್ಮ ಓಣಿಯ ಗೌರಕ್ಕನ ಜೊತೆ ದವಾಖಾನಿಗೆ ಹೋಗಿದ್ದೆ. ಇಳಕಲ್ಲಿನಲ್ಲಿ ಕುಣಿಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುವವಳು. ಕೋವಿಡ್ ಬಂದು ಹೋದಾಗಿನಿಂದ ನಾಲ್ಕು ಸಲ ಮಗ್ಗದ ಕಾಲುಮಣಿ ತುಳಿದರೆ ಎದೆ ಹಿಡಿಯುತ್ತದೆ. "ಡಾಕ್ಟರ್ ರೋಗ ಐತಿ ಅಂದ್ರ ಕಾಯ್ತೇನಿ, ಇಲ್ಲಾಂದ್ರ ಸೋಮವಾರ ಮಗ್ಗ ಬ್ಯಾರೇದವ್ರಿಗೆ" ಅಂದಿದ್ದಾನೆ ಮಾಲೀಕ.

ಅರ್ಧ ಮೆಟ್ಟಿಲಿಗೇ ಕೂತುಬಿಟ್ಟಳು. ತುಟಿ ನೀಲಿಯಾಗಿತ್ತು. "ಯಕ್ಕಾ, ವಾಪಸ್ ಹೋಗೂಣು" ಅಂದೆ.

"ಮಗ್ಗ ಹೋಗ್ತೈತೋ ತಮ್ಮಾ. ಏರ್ತೇನಿ."

ಹೇಗೋ ಏರಿದಳು. ಡಾಕ್ಟರ್ ಕೇಳಿದರು: "ಹೆಂಗ ಬಂದ್ರಿ?"

"ಮೆಟ್ಲ ಏರಿ ಬಂದೇನ್ರಿ."

"ಎರಡು ಮಹಡಿ ಏರೀರಿ ಅಂದ್ರ ಉಸಿರು ಚಲೋ ಐತಿ ಬಿಡ್ರಿ. ಚಿಂತಿ ಕಡಿಮಿ ಮಾಡ್ರಿ."

ನನಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಏರಲಾರದವ್ರು ಯಾರರ ಬಂದಾರೇನ್ರಿ?"

"ಒಬ್ರೂ ಬಂದಿಲ್ಲ. ನಮ್ಮ ಕಡೆ ಆ ರೋಗನ ಇಲ್ಲಂತ ಮ್ಯಾಲಿನವ್ರಿಗೆ ಹೇಳೇವಿ."

ಇಳಿಯುವಾಗ ಗೌರಕ್ಕ ಗೋಡೆ ಹಿಡಿದು ನಿಂತು, "ಹಂಗಾರ ನನಗೇನಾಗೈತೋ?" ಅಂದಳು. ಸೋಮವಾರ ದೂರವಿಲ್ಲ.

ದಮ್ಮು ಹತ್ತುವವರೆಲ್ಲ ಬರ್ರಿ. ಸಭೆ ಅದೇ ಮೆಟ್ಟಿಲುಗಳ ಬುಡದಲ್ಲಿ. ನಾವ್ಯಾರೂ ಏರೋದಿಲ್ಲ, ಡಾಕ್ಟರೇ ಇಳಿದು ಬರಬೇಕು. ಶನಿವಾರ, ಮುಂಜಾನೆ ಹನ್ನೊಂದು ಗಂಟೆ.